ಅರ್ತ್ ಹಿಡಿದಿಲ್ಲ

ಮೂರು ಗ್ಯಾರೇಜು ಸುತ್ತಿ ಬಂದ ಗಾಡಿ ಅದು.
ಚಿಂತಾಮಣಿಯಲ್ಲಿ ಬ್ಯಾಟರಿ ಬದಲಾಯಿಸಿದರಂತೆ,
ಕೋಲಾರದಲ್ಲಿ ಸೆಲ್ಫ್ ಮೋಟರು ಬಿಚ್ಚಿ ಕಟ್ಟಿದರಂತೆ,
ವಿಜಯಪುರದವನು ಬಾನೆಟ್ ಎತ್ತಿ, ಇಳಿಸಿ,
ಇದಕ್ಕೆ ಗಾಳಿ ಸೋಕಿದೆ ಅಂದನಂತೆ.
ಈಗ ಟಾಟಾ ಏಸಿನ ಹಿಂದೆ ಹಗ್ಗದಲ್ಲಿ ತೆವಳುತ್ತಾ
ಶಿಡ್ಲಘಟ್ಟದ ನನ್ನ ಶೀಟಿನ ನೆರಳಿಗೆ ಬಂದಿದೆ
ಐವತ್ತೇಳರ ಲ್ಯಾಂಡ್‌ಮಾಸ್ಟರು,
ಹೊಸ ಬಣ್ಣ ಬಳಿದುಕೊಂಡು:
ಹಿಪ್ಪುನೇರಳೆ ಚಿಗುರಿನ ಹಸಿರು.
ಬಾಗಿಲಲ್ಲಿ ಮುಖ ನೋಡಿಕೊಳ್ಳಬಹುದು. ನೋಡಿಕೊಂಡೆ.
ತಲೆ ಬಾಚಬೇಕಿತ್ತು.

ಪಿಳ್ಳವೆಂಕಟಪ್ಪನವರು, ಗೂಡಿನ ಮಾರ್ಕೆಟ್ಟಲ್ಲಿ
ಟವಲಿನಡಿ ಬೆರಳು ಹಿಡಿದು ದರ ಕೇಳುತ್ತಿದ್ದ ಕಾಲದವರು,
ಕಿವಿಯ ಹತ್ತಿರ ಬಂದರು:
ಎಷ್ಟಾಗುತ್ತೆ ಬಾಬಾಜಾನ್?
ಇನ್ನೂ ಕೈ ಇಟ್ಟಿಲ್ಲ ನಾನು.

ಇಟ್ಟೆ. ಸೆಲ್ಫ್ ಒತ್ತಿದೆ.
ಟಕ್.
ಯಾರೋ ಬಾಗಿಲು ತಟ್ಟಿ,
ತೆರೆಯುವಷ್ಟರಲ್ಲಿ ಮನಸ್ಸು ಬದಲಿಸಿ ಹೋದ ಹಾಗೆ.

ಹುಡುಗ ಮೀಟರು ತಂದ. ಹನ್ನೆರಡು ಚಿಲ್ಲರೆ ತೋರಿಸಿತು,
ಬ್ಯಾಟರಿ ಗಟ್ಟಿ ಅಣ್ಣಾ ಅಂದ.
ಹೊರೆ ಹೊರಿಸದೆ ಕೇಳಿದರೆ
ಹನ್ನೆರಡು ಅನ್ನದವರು ಯಾರಿದ್ದಾರೋ?
ಮೀಟರು ಬಿಡು,
ಆ ಹಳೇ ಹೆಡ್‌ಲೈಟ್ ಬಲ್ಬು ತಾ.

ಡ್ಯಾಶಿನ ಕೆಳಗೆ ತಲೆ ತೂರಿಸಿದರೆ
ಬಟ್ಟೆ ಸುತ್ತಿದ ವೈರುಗಳು.
ಕಂದು, ಹಸಿರು, ನೇರಳೆ ಎಲ್ಲ ಒಂದೇ ಬೂದಿ ಈಗ.
ಫ್ಯೂಸಿನ ಜಾಗದಲ್ಲಿ ಸಿಗರೇಟಿನ ಬೆಳ್ಳಿ ಕಾಗದ,
ಮನೆ ವೈರಿಂಗಿನ ಕೆಂಪು ತಂತಿ ಒಂದು ಗೇಣು,
ಒಬ್ಬೊಬ್ಬ ರಿಪೇರಿಯವನದೂ ಒಂದೊಂದು ಕೈಬರಹ.
ಒಂದು ಗಂಟು ಮಾತ್ರ ಗುರುತು ಸಿಕ್ಕಿತು:
ನೂಲು ತುಂಡಾದರೆ ರೀಲಿಂಗಿನವರು ಹಾಕುವ ಗಂಟು,
ಚಪ್ಪಟೆ, ಉಗುರಿಗೆ ಸಿಗದ್ದು.
ದಸ್ತಗೀರ್ ಉಸ್ತಾದರದ್ದೇ ಇರಬೇಕು.
ಅದನ್ನು ಮುಟ್ಟಲಿಲ್ಲ.

ಅಮ್ಮಿ ಬೇಸಿನ್ನಿನ ಬಿಸಿನೀರಲ್ಲಿ ಬೆರಳಾಡಿಸಿ
ತೇಲುವ ನೂರು ಗೂಡಿನಲ್ಲಿ
ಕಳೆದ ಎಳೆಯ ತುದಿ ಹುಡುಕುತ್ತಿದ್ದಳು,
ನೋಡದೆ, ಪಕ್ಕದವಳ ಜೊತೆ ಮಾತಾಡುತ್ತಲೇ.
ಸಂಜೆ ನನಗೆ ಜ್ವರವೋ ಅಂತ ಹಣೆ ಮುಟ್ಟಿದರೆ
ಗೊತ್ತಾಗುತ್ತಿರಲಿಲ್ಲ ಅವಳಿಗೆ. ಬೆರಳು ಬೆಂದಿದ್ದವು.
ಮೊಣಕೈ ಇಟ್ಟು ನೋಡುತ್ತಿದ್ದಳು.

ಹೊರಗೆ ಬರುವಾಗ ನನ್ನ ಮೊಣಕೈ
ಚೋಕಿನ ಗುಂಡಿಗೆ ತಾಗಿತು.
ಬಿಸಿ.

ಮತ್ತೆ ಒತ್ತೋ ಅಂದೆ. ಟಕ್.
ಇನ್ನೂ ಬಿಸಿ. ಸುಟ್ಟ ರಬ್ಬರಿನ ವಾಸನೆ.
ನಗು ಬಂತು.

ಹೋದ ಕರೆಂಟು ಮನೆಗೆ ಮರಳಲೇಬೇಕಲ್ಲ.
ಹೆದ್ದಾರಿ ಮುಚ್ಚಿದರೆ ಸಂದಿಯಲ್ಲಿ ನುಗ್ಗುತ್ತೆ.
ಗಾಳಿಯ ಬಾಗಿಲು ಎಳೆಯಲೆಂದು ಹುಟ್ಟಿದ
ಬಡಕಲು ತಂತಿಯೊಂದು
ಇಡೀ ಇಂಜಿನ್ನಿನ ಹೊರೆ ಹೊತ್ತು
ಒಳಗೊಳಗೇ ಕಾಯುತ್ತಿದೆ, ಯಾರಿಗೂ ಹೇಳದೆ.

ಬಲ್ಬಿನ ಒಂದು ಕಾಲು ಬ್ಯಾಟರಿಗೆ,
ಇನ್ನೊಂದು ಬಾಡಿಗೆ: ಹಾಲು ಬೆಳಕು.
ಅದೇ ಕಾಲು ಇಂಜಿನ್ನಿಗೆ: ಬೆಲ್ಲದ ಬಣ್ಣ.
ಸಾಕು.

ಅಡಿಯಲ್ಲಿ ಮಲಗಿ ಜಾರಿದೆ.
ಇಂಜಿನ್ನಿಗೂ ಬಾಡಿಗೂ ನಡುವೆ ಹೆಣೆದ ತಾಮ್ರದ ಪಟ್ಟಿ,
ಹೊಚ್ಚ ಹೊಸದು, ಬೋಲ್ಟು ಬಿಗಿ,
ತಪ್ಪು ಹುಡುಕಲು ಜಾಗವೇ ಇಲ್ಲ.
ಪಟ್ಟಿಯ ಕೆಳಗೆ ಮೂರು ಕೋಟು ಹಸಿರು.
ಒಂದು ಕೂದಲೆಳೆ ದಪ್ಪದ ಚೆಂದ,
ಅದನ್ನು ದಾಟಲಾರದೆ ನಿಂತಿದೆ ಎಲ್ಲ.

ಪ್ಯಾಂಟಿನ ಜೇಬಿಂದ ಚಾಕು ತೆಗೆದೆ.
ಅಯ್ಯೋ ಬಣ್ಣ, ಬಣ್ಣ! ಎಂಬತ್ತು ಸಾವಿರ!
ಮೇಲಿಂದ ಪಿಳ್ಳವೆಂಕಟಪ್ಪನವರ ಚಪ್ಪಲಿ ಕುಣಿದವು.
ರೂಪಾಯಿ ಅಗಲ, ಅಷ್ಟೇ ಕೆರೆದೆ.
ಹಸಿರು ಹೋಗಿ ಕೆಂಪು ಪ್ರೈಮರು,
ಅದರಡಿ ಯಾವುದೋ ಕಾಲದ ಕೆನೆ ಬಣ್ಣ,
ಅದರಡಿ ಕಪ್ಪು,
ಆಮೇಲೆ ಕಬ್ಬಿಣ, ಬೆಳ್ಳಗೆ,
ಮೊದಲ ಸಲ ಗಾಳಿ ಕಂಡವರಂತೆ.

ಒತ್ತಿದ ಹುಡುಗ.
ಎದುರು ಶೆಡ್ಡಿನ ಚರಕದ ಸದ್ದು ಮುಳುಗುವಷ್ಟು
ಕೆಮ್ಮಿ, ಇನ್ನೊಮ್ಮೆ ಕೆಮ್ಮಿ,
ನಿಂತಲ್ಲೇ ನಡುಗತೊಡಗಿತು ಹಸಿರು.
ರಸ್ತೆಯಲ್ಲಿ ಗೂಡಿನ ಮೂಟೆ ಹೊತ್ತವನೊಬ್ಬ
ಇಳಿಸದೆಯೇ ನಿಂತು ನೋಡಿದ.

ಡ್ಯಾಶಿನ ಗಡಿಯಾರ ಓಡಲಿಲ್ಲ.
ಅದು ಬೇರೆ ದಿನದ ಕೆಲಸ.

ಕೂಲಿ ಇನ್ನೂರು.
ಬಣ್ಣಕ್ಕೆ ನಾನು ಜವಾಬ್ದಾರನಲ್ಲ.